ವಾಸನೆ ಬಾರದ ಬೆಳಗು

ಧಾರವಾಡದ ಸಪ್ತಾಪುರದಲ್ಲಿ ಒಂದು ಹಳೆಯ ಹೆಂಚಿನ ಮನೆ. ಇರುವವರು ಒಬ್ಬರೇ, ನಿವೃತ್ತ ಶಾಲಾ ಶಿಕ್ಷಕಿ, ವಯಸ್ಸು 78. ಓಣಿಗೆಲ್ಲ ಅವರು 'ಅಕ್ಕೋರು'. ಮಗ ಪುಣೆಯಲ್ಲಿ ಬ್ಯಾಂಕಿನ ನೌಕರ, ಮಗಳು ದಾವಣಗೆರೆಯಲ್ಲಿ. "ನಮ್ಮ ಜೋಡಿ ಬಂದು ಇರವಾ" ಎಂದು ಇಬ್ಬರೂ ಕರೆದು ಕರೆದು ಸೋತಿದ್ದಾರೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅಕ್ಕೋರು ಒಲೆಯ ಮೇಲೆ ಹಾಲಿಟ್ಟು ಹೂ ಕೊಯ್ಯಲು ಅಂಗಳಕ್ಕೆ ಬಂದರು. ಗೇಟಿನಾಚೆ ವಾಕಿಂಗ್ ಹೊರಟವರೊಡನೆ ನಾಲ್ಕು ಮಾತಾಯಿತು. ಒಳಗೆ ಹಾಲು ಉಕ್ಕಿತು, ಉರಿ ಆರಿತು, ಗ್ಯಾಸ್ ಮಾತ್ರ ಹರಿಯುತ್ತಲೇ ಇತ್ತು. ಅಕ್ಕೋರು ಬಂದು ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತರು. ಹಾಲಿನ ನೆನಪೂ ಇಲ್ಲ, ವಾಸನೆಯೂ ಇಲ್ಲ. ಮಬ್ಬಿಗೆ ಅಕ್ಷರ ಕಾಣಲಿಲ್ಲವೆಂದು ಲೈಟ್ ಹಚ್ಚಲು ಎದ್ದದ್ದೂ ಆಗಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಬಂದ ಕೆಲಸದಾಕೆ ಹೊಸ್ತಿಲಲ್ಲಿಯೇ ನಿಂತು ಕೂಗಿದಳು:

"ಅಕ್ಕೋರ, ಲೈಟ್ ಹಚ್ಚಬ್ಯಾಡ್ರಿ! ಗ್ಯಾಸ್ ನಾರಾಕತ್ತೈತಿ!"

ಮೂಗಿಗೆ ಸೆರಗು ಹಿಡಿದು ಒಳಗೆ ಹೋಗಿ ಒಲೆಯ ಗುಂಡಿ ತಿರುವಿದಳು, ರೆಗ್ಯುಲೇಟರ್ ಬಂದ್ ಮಾಡಿದಳು, ಎರಡೂ ಬಾಗಿಲು ತೆರೆದಿಟ್ಟಳು, ಅಕ್ಕೋರನ್ನು ಕೈಹಿಡಿದು ಅಂಗಳಕ್ಕೆ ಕರೆತಂದಳು. ಒಂದು ಸ್ವಿಚ್ಚನ್ನೂ ಮುಟ್ಟಲಿಲ್ಲ. ಆಕೆ ಓದಿದ್ದು ಏಳನೆಯ ಇಯತ್ತೆ. ಪದವಿ ಪಡೆದವರೂ ಇಂಥ ಗಳಿಗೆಯಲ್ಲಿ 'ಗಾಳಿ ಆಡಲಿ' ಎಂದು ಫ್ಯಾನ್ ಹಾಕುವುದುಂಟು.

ಆ ಫ್ಯಾನೇ ಅಪಾಯ. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಮೊದಲನೆಯದು ಗಾಳಿಗಿಂತ ಒಂದೂವರೆ ಪಟ್ಟು, ಎರಡನೆಯದು ಎರಡು ಪಟ್ಟು ಭಾರ. ಸೋರಿದ ಅನಿಲ ನೀರಿನಂತೆ ನೆಲ ಹಿಡಿದು ಹರಿದು ಕಟ್ಟೆಯ ಕೆಳಗೆ, ಮೂಲೆಯಲ್ಲಿ ಮಡುಗಟ್ಟುತ್ತದೆ. ಗೋಡೆಯ ಮೇಲೆತ್ತರದ ಕಿಟಕಿ ತೆರೆದರೆ ಅದು ಹೋಗದು, ಬಾಗಿಲೇ ತೆರೆಯಬೇಕು. ಗಾಳಿಯ ನೂರು ಪಾಲಿನಲ್ಲಿ ಎರಡು ಪಾಲು ಅದು ಸೇರಿದರೂ ಸಾಕು, ಸ್ವಿಚ್ಚಿನೊಳಗಿನ ಕಣ್ಣಿಗೆ ಕಾಣದ ಕಿಡಿಗೆ ಭುಗ್ಗೆನ್ನುತ್ತದೆ. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ಬರುವ ಅನಿಲದ ಗುಣ ಇದಕ್ಕೆ ತದ್ವಿರುದ್ಧ. ಅದು ಮೀಥೇನ್, ಗಾಳಿಗಿಂತ ಹಗುರ, ಮಾಳಿಗೆಗೆ ಏರುತ್ತದೆ. ಸೋರಿಕೆ ಪತ್ತೆ ಮಾಡುವ ಗಂಟೆಯನ್ನು ಸಿಲಿಂಡರ್ ಇದ್ದವರು ನೆಲದಿಂದ ಒಂದು ಅಡಿಯೊಳಗೆ ಕೂರಿಸಬೇಕು, ಕೊಳವೆಯವರು ಮೇಲೆ. ಅಂಗಡಿಯವನು ತಿರುವು ಮುರುವು ಮಾಡಿ ಹೋದರೆ ಗಂಟೆ ಗೋಡೆಗೆ ಅಲಂಕಾರ ಅಷ್ಟೇ.

ಅಕ್ಕೋರನ್ನು ಕಾಡಿದ್ದು ಬೇರೆ ಪ್ರಶ್ನೆ. "ನನಗ್ಯಾಕ ವಾಸನಿ ಬರ್ಲಿಲ್ಲ?"

ಅಡಿಗೆ ಅನಿಲಕ್ಕೆ ಸ್ವಂತ ವಾಸನೆಯೇ ಇಲ್ಲ. ಸೋರಿದ್ದು ತಿಳಿಯಲೆಂದೇ ಅದಕ್ಕೆ ಗಂಧಕ ಮೂಲದ ಮರ್‌ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಬೆರೆಸಿರುತ್ತಾರೆ. ಎಲ್ಲ ರಕ್ಷಣೆಯೂ ಮೂಗನ್ನು ನಂಬಿ ನಿಂತದ್ದು. ಅರವತ್ತು ದಾಟಿದ ಮೇಲೆ ಮೂಗಿನ ಶಕ್ತಿ ಕುಂದುತ್ತ ಬರುತ್ತದೆ, ಎಪ್ಪತ್ತರ ನಂತರ ಬಹಳ ಜನರಲ್ಲಿ ತೀರ ಕಡಿಮೆ. ಕಣ್ಣು ಮಂಜಾದರೆ ತಿಳಿಯುತ್ತದೆ, ಕಿವಿ ಮಂದವಾದರೆ ಮನೆಯವರು ಹೇಳುತ್ತಾರೆ. ಮೂಗು ಸದ್ದಿಲ್ಲದೆ ಹೋಗುತ್ತದೆ. ಮಗಳು ಬಂದು, ತಾಯಿಯ ಕಣ್ಣು ಮುಚ್ಚಿಸಿ ಇಂಗಿನ ಡಬ್ಬಿ ಹಿಡಿದಳು. "ಏನದು, ಅಕ್ಕಿಯೇನ?" ಎಂದರು ಅಕ್ಕೋರು. ಅವರು ನಗಲಿಲ್ಲ, ಮಗಳೂ ನಗಲಿಲ್ಲ.

ಮಗ ಪುಣೆಯಿಂದ ಇಂಡಕ್ಷನ್ ಒಲೆ ಹೊತ್ತು ಬಂದ. ಗ್ಯಾಸ್ ತೆಗೆಸುವುದು, ಇಲ್ಲವೇ ಡಬ್ಬಿ ಊಟ, ಅದೂ ಬೇಡವಾದರೆ ಪುಣೆ, ಇದು ಅವನ ತೀರ್ಮಾನ.

"ಇದರ ಮ್ಯಾಲ ರೊಟ್ಟಿ ಹೆಂಗ ಉಬ್ಬಿಸ್ಲಿ? ಐವತ್ತು ವರ್ಷ ಬಡದ ಕೈ ಇದು. ಒಲಿ ಕಸಗೊಂಡ್ರ ಈ ಮನ್ಯಾಗ ನಂದೇನ ಉಳೀತಪಾ?"

ಮಗನಲ್ಲಿ ಉತ್ತರವಿರಲಿಲ್ಲ. ಅವನ ಭಯ ಸುಳ್ಳಲ್ಲ, ಆಕೆಯ ಮಾತೂ ಸುಳ್ಳಲ್ಲ. ಮುದುಕರ ಅಡಿಗೆಮನೆಗೆ ಬೀಗ ಹಾಕುವುದು ಮಕ್ಕಳಿಗೆ ಸುಲಭದ ದಾರಿ. ಒಗ್ಗರಣೆಯ ಚಟಪಟ ನಿಂತ ಮನೆಯಲ್ಲಿ ಹಿರಿಯರು ದಿನದ ಉಳಿದ ತಾಸುಗಳನ್ನು ಏನು ಮಾಡಬೇಕೆಂದು ಯಾರೂ ಯೋಚಿಸುವುದಿಲ್ಲ.

ಎರಡು ದಿನದ ಜಗಳದ ನಂತರ ರಾಜಿಯಾಯಿತು. ಹಾಲು, ಚಹಾ, ಬಿಸಿನೀರು ಇಂಡಕ್ಷನ್ ಮೇಲೆ. ಅದಕ್ಕೆ ಟೈಮರ್ ಇದೆ, ಮರೆತರೂ ತಾನೇ ಆರುತ್ತದೆ. ರೊಟ್ಟಿ, ಪಲ್ಲೆ ಗ್ಯಾಸಿನ ಮೇಲೆ, ಎದುರಿಗೆ ನಿಂತಿದ್ದರೆ ಮಾತ್ರ. ಹಳೆಯ ಒಲೆ ಹೋಗಿ ಉರಿ ಆರಿದರೆ ಅನಿಲ ತಡೆಯುವ ಒಲೆ ಬಂತು. ಅದರ ಬರ್ನರಿನ ಪಕ್ಕದಲ್ಲಿ ಎರಡು ಲೋಹ ಬೆಸೆದ ಸಣ್ಣ ಕಡ್ಡಿಯಿದೆ. ಉರಿಯ ಕಾವಿಗೆ ಅದರಲ್ಲಿ ಹುಟ್ಟುವ ಚೂರು ವಿದ್ಯುತ್ತು ಅನಿಲದ ಬಾಗಿಲನ್ನು ತೆರೆದು ಹಿಡಿದಿರುತ್ತದೆ. ಉರಿ ಹೋದರೆ ಕಾವಿಲ್ಲ, ವಿದ್ಯುತ್ತಿಲ್ಲ, ಕೆಲವೇ ಸೆಕೆಂಡಿನಲ್ಲಿ ಬಾಗಿಲು ಬಂದ್. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ರಬ್ಬರ್ ನಳಿಕೆ ಎಷ್ಟು ವರ್ಷದ್ದೆಂದು ಯಾರಿಗೂ ನೆನಪಿರಲಿಲ್ಲ, ಅದನ್ನೂ ಬದಲಿಸಿದರು. 2016ರಲ್ಲಿ ಶುರುವಾದ ಗ್ಯಾಸ್ ಸೋರಿಕೆಯ ತುರ್ತು ದೂರವಾಣಿ 1906 ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ಬಂತು. ಅಂಗಳಕ್ಕೆ ಹೋಗಿ ಮಾಡಬೇಕಾದ ಫೋನು ಅದು.

ಬೆಂಕಿಯ ಗಲಾಟೆಯಲ್ಲಿ ಮಗಳು ನೋಡಿದ್ದು ನೆಲವನ್ನು. ಈ ಅವಳಿ ನಗರದವರಿಗೆ ನೀರು ತುಂಬಿಡುವ ಚಟ ರಕ್ತದಲ್ಲಿದೆ. ವಾರಕ್ಕೊಮ್ಮೆ ನಳ ಬರುತ್ತಿದ್ದ ಕಾಲದ ರೂಢಿ ಅದು. 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂದರೂ ಕೊಡ, ಬಕೀಟು ಅಡಿಗೆಮನೆ ಬಿಟ್ಟು ಕದಲಿಲ್ಲ. ಸದಾ ತೇವದ ನುಣುಪು ಕಲ್ಲಿನ ಮೇಲೆ ಅಕ್ಕೋರು ಸ್ಟೂಲ್ ಹಾಕಿ, ಮೇಲಿನ ಹಲಗೆಯ ಬೇಳೆ ಡಬ್ಬಿ ಇಳಿಸುತ್ತಿದ್ದರು! ಡಬ್ಬಿಗಳು ಸೊಂಟದ ಮಟ್ಟಕ್ಕೆ ಇಳಿದವು, ಸ್ಟೂಲ್ ಪಕ್ಕದ ಮನೆಗೆ ಹೋಯಿತು. ಒಲೆಯ ಮುಂದೆ ಕರಗಿ ಮೈಗಂಟುವ ನೈಲಾನ್ ಸೀರೆಯ ಬದಲು ಇಳಕಲ್ ನೂಲಿನ ಸೀರೆ, ಸೆರಗು ಸೊಂಟಕ್ಕೆ. ನೂಲಿಗೂ ಬೆಂಕಿ ಹತ್ತುತ್ತದೆ, ಆದರೆ ಅದು ಕರಗುವುದಿಲ್ಲ. ವಯಸ್ಸಾದ ಚರ್ಮ ತೆಳು. 60 ಡಿಗ್ರಿ ಕಾವಿನ ನೀರು ದೊಡ್ಡವರನ್ನು ಐದು ಸೆಕೆಂಡಿನಲ್ಲಿ ಸುಡುತ್ತದೆ, ಇಂಥವರಿಗೆ ಅಷ್ಟೂ ಬೇಡ. ಸುಟ್ಟರೆ ನಳದ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮಸಿ, ಟೂತ್‌ಪೇಸ್ಟ್ ಬಳಿದುಕೊಂಡು ಬಂದವರ ಗಾಯವನ್ನು ಡಾಕ್ಟರು ಮೊದಲು ಉಜ್ಜಿ ತೊಳೆಯಬೇಕಾಗುತ್ತದೆ.

ಈಗ ದಿನವೂ ರಾತ್ರಿ ಒಂಬತ್ತಕ್ಕೆ ಪುಣೆಯಿಂದ ಫೋನು.

"ಅವ್ವಾ, ರೆಗ್ಯುಲೇಟರ್ ಬಂದ್ ಮಾಡೀ?"

"ಮಾಡೀನಿ. ನಿಮ್ಮನ್ಯಾಗ ಮಾಡೀರೇನ?"

ಮೊದಲ ಸಲ ಹೀಗೆ ಕೇಳಿದಾಗ ಮಗ ಫೋನ್ ಹಿಡಿದೇ ಅಡಿಗೆಮನೆಗೆ ಹೋದ. ಬಂದ್ ಆಗಿರಲಿಲ್ಲ.