ಸತ್ಯವಾನ ಎದ್ದ ಮೇಲೆ

ಯಮನ ಪಾಶದಿಂದ ಬಿಡಿಸಿಕೊಂಡು ಎದ್ದ ಸತ್ಯವಾನ, ವ್ಯಾಸರ ಪ್ರಕಾರ, ಹೆಂಡತಿಗೆ ಥ್ಯಾಂಕ್ಸ್ ಹೇಳುವುದಿಲ್ಲ. ಇಷ್ಟು ಹೊತ್ತು ಯಾಕೆ ಎಬ್ಬಿಸಲಿಲ್ಲ, ನನ್ನನ್ನು ಎಳೆದಾಡುತ್ತಿದ್ದ ಆ ಕಪ್ಪು ಮನುಷ್ಯ ಎಲ್ಲಿ ಹೋದ ಎಂದು ಕೇಳುತ್ತಾನೆ. ಸಾವಿತ್ರಿ ಮಾವನಿಗೆ ಕಣ್ಣು ಬೇಡಿದಳು, ರಾಜ್ಯ ಬೇಡಿದಳು, ತಂದೆಗೆ ನೂರು ಮಕ್ಕಳನ್ನು ಬೇಡಿದಳು. ಎದ್ದವನ ತಲೆ ಮೊದಲಿನಂತಿದೆಯೇ ಎಂದು ನೋಡುವವರು ಮಾತ್ರ ಆ ಕಾಡಿನಲ್ಲಿ ಯಾರೂ ಇರಲಿಲ್ಲ.

ಅಮೆರಿಕದ ಯೂಟಾದಲ್ಲಿ ಒಬ್ಬರಿದ್ದರು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ನರಮನೋವಿಜ್ಞಾನಿ ರಮೋನಾ ಹಾಪ್ಕಿನ್ಸ್. ಉಸಿರು ನಿಲ್ಲದಂತೆ ನೋಡಿಕೊಂಡು ಐಸಿಯು ವೈದ್ಯರು ಕೈ ತೊಳೆದುಕೊಂಡ ಮೇಲೆ ಈಕೆಯ ಕೆಲಸ ಶುರು. ಶ್ವಾಸಕೋಶ ಕೈಕೊಟ್ಟು, ವೆಂಟಿಲೇಟರ್ ಮೇಲೆ ಮಲಗಿ ಬದುಕಿ ಬಂದ 55 ಮಂದಿಯನ್ನು ಕೂರಿಸಿಕೊಂಡು ನೆನಪು, ಗಮನ, ಚುರುಕು ಎಲ್ಲ ಅಳೆದರು. 1999ರಲ್ಲಿ ಅಚ್ಚಾದ ಫಲಿತಾಂಶ: ಆಸ್ಪತ್ರೆ ಬಿಡುವಾಗ ಒಬ್ಬರ ತಲೆಯೂ ಪೂರ್ತಿ ನೆಟ್ಟಗಿರಲಿಲ್ಲ, ವರ್ಷವಾದರೂ ಶೇ. 78 ಮಂದಿಗೆ ಇವುಗಳಲ್ಲಿ ಒಂದಾದರೂ ಕುಂಟುತ್ತಿತ್ತು. ಬದುಕಿದ್ದೇ ಪುಣ್ಯ ಎನ್ನುವ ಲೋಕಕ್ಕೆ ಇದನ್ನು ಹೇಳುತ್ತ ವೃತ್ತಿಜೀವನ ಸವೆಸುವುದೆಂದರೆ, ಮದುವೆ ಊಟದಲ್ಲಿ ಉಪ್ಪು ಕಡಿಮೆ ಎಂದಂತೆ.

2013ರಲ್ಲಿ ವ್ಯಾಂಡರ್‌ಬಿಲ್ಟ್ ತಂಡ 821 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಇನ್ನೊಂದು ಎಳೆ ಸೇರಿಸಿತು: ಐಸಿಯುನಲ್ಲಿ ಸನ್ನಿ ಹೆಚ್ಚು ದಿನ ಇದ್ದಷ್ಟೂ ಒಂದು ವರ್ಷವಾದ ಮೇಲೂ ಬುದ್ಧಿ ಮಂಕು.

ಸನ್ನಿಯ ವಿಷಯ ನಮ್ಮ ಮಾವ ಬಲ್ಲರು. ಆಸ್ಪತ್ರೆಯಲ್ಲಿ ಯಾರು ಬಂದರು, ಹೋದರು, ಒಂದೂ ನೆನಪಿಲ್ಲ; ಆದರೆ ನರ್ಸುಗಳು ರಾತ್ರಿ ಅವರ ಮಂಚದ ಸುತ್ತ ಎಮ್ಮೆ ಹರಾಜು ಹಾಕಿದ್ದು, ಯಾವ ಎಮ್ಮೆ ಎಷ್ಟಕ್ಕೆ ಹೋಯಿತೆಂಬುದರ ಸಮೇತ, ಇವತ್ತಿಗೂ ಬಾಯಿಪಾಠ. ಬ್ಯಾಂಕಿನಲ್ಲಿ ಉದ್ದುದ್ದ ಕಾಲಂಗಳನ್ನು ಕಣ್ಣಲ್ಲೇ ಕೂಡುತ್ತಿದ್ದ ಮನುಷ್ಯ ಈಗ ಹಾಲಿನವನ ಚೀಟಿ ಹಿಡಿದು ಬೆರಳು ಮಡಚುತ್ತಾರೆ. ನೆಂಟರೆಲ್ಲ ವಯಸ್ಸಾಯ್ತಲ್ಲ ಎಂದು ತೀರ್ಪು ಕೊಟ್ಟಾಗಿದೆ. ಕಾಯಿಲೆಗೆ ಮುಂಚೆಯೂ ಅದೇ ವಯಸ್ಸಿತ್ತು ಎಂದು ಯಾರಿಗೂ ಹೊಳೆಯಲಿಲ್ಲ.

ಇದನ್ನೆಲ್ಲ ಓದಿದ ಹುರುಪಿನಲ್ಲಿ, ಅಂಥ ಪರೀಕ್ಷೆಗಳಲ್ಲಿ ಬರುವ ಒಂದು ಪ್ರಶ್ನೆಯನ್ನು ನಾನೂ ಹಾಕಿದೆ.

“ಮಾವ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳ್ತೀರಿ?”

“ಮೊದಲು ನೀನು ಹೇಳಪ್ಪ,” ಎಂದು ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದರು.

ಹಸು, ನಾಯಿ, ಬೆಕ್ಕು, ಆನೆ, ಹುಲಿ ಆದ ಮೇಲೆ ನನಗೆ ಆ ಹರಾಜಿನ ಎಮ್ಮೆಗಳ ಹೊರತು ಬೇರೇನೂ ತೋಚಲಿಲ್ಲ. ಅಡುಗೆಮನೆಯಿಂದ ಅತ್ತೆ ಜಿರಾಫೆ ಎಂದು ಕೂಗಿದರು. “ಅದು ಲೆಕ್ಕಕ್ಕಿಲ್ಲ,” ಎಂದರು ಮಾವ, “ನೀನು ಐಸಿಯುಗೆ ಹೋಗಿದ್ದು ಯಾವಾಗ?”