ಪರ್ವತವೂ ಅನುಮಾನವೂ

ತರ್ಕಶಾಸ್ತ್ರಕ್ಕೆ ಕಾಲಿಡುವ ಬಾಲಕನಿಗೆ ಮೊಟ್ಟಮೊದಲು ಎದುರಾಗುವುದು ಒಂದು ಬೆಟ್ಟ. ಆ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆಯಿರುವ ಕಡೆ ಬೆಂಕಿಯಿರುವುದನ್ನು ಅವನು ಅಡಿಗೆಯ ಮನೆಯಲ್ಲಿ ನೋಡಿ ಬಲ್ಲನು. ಆದುದರಿಂದ ಬೆಟ್ಟದಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುತ್ತಾನೆ. ನೂರಾರು ವರ್ಷಗಳಿಂದ ಎಷ್ಟೋ ಸಾವಿರ ವಿದ್ಯಾರ್ಥಿಗಳು ಈ ಬೆಟ್ಟವನ್ನು ಕುರಿತು ವಾದಮಾಡಿರುವರು. ಅವರಲ್ಲಿ ಒಬ್ಬನಾದರೂ ಅದನ್ನು ಹತ್ತಿದವನಲ್ಲ. ಹತ್ತಬೇಕಾದ ಅಗತ್ಯವೂ ಇಲ್ಲ. ಕುಳಿತಲ್ಲಿಯೇ ಕುಳಿತು ಕಾಣದ ವಸ್ತುವನ್ನು ಅರಿಯುವುದೇ ಅನುಮಾನದ ಹೆಚ್ಚಳ.

ಇಂತಹುದೇ ಒಂದು ತರ್ಕಗೋಷ್ಠಿ ಪ್ರತಿ ವರ್ಷವೂ ಫ್ರಾನ್ಸ್ ದೇಶದಲ್ಲಿ ಸೇರುವುದುಂಟು. ಅದಕ್ಕೆ ಪೀಠವಿಲ್ಲ, ಅಧ್ಯಕ್ಷನಿಲ್ಲ. ಕಾಫಿಯ ಅಂಗಡಿಗಳಲ್ಲಿಯೂ ಪತ್ರಿಕೆಗಳ ಅಂಕಣಗಳಲ್ಲಿಯೂ ಅದು ನಡೆಯುತ್ತದೆ. ವಿಷಯವು ‘ಟೂರ್ ದ ಫ್ರಾನ್ಸ್’ ಎಂಬ ಬೈಸಿಕಲ್ಲಿನ ಓಟ. 1903ನೆಯ ಇಸವಿಯಲ್ಲಿ ಆಂರಿ ದೆಗ್ರಾಂಜ್ ಎಂಬ ಸಂಪಾದಕನು ತನ್ನ ಪತ್ರಿಕೆಯ ಪ್ರಸಾರವನ್ನು ಹೆಚ್ಚಿಸಲೆಂದು ಆರಂಭಿಸಿದ ಈ ಓಟವು, ಎರಡು ಮಹಾಯುದ್ಧಗಳ ಕಾಲವನ್ನು ಬಿಟ್ಟರೆ, ಅವಿಚ್ಛಿನ್ನವಾಗಿ ನಡೆದುಬಂದಿದೆ. ಈಗ ಅದು ಮೂರು ವಾರಗಳ, 21 ಮಜಲುಗಳ ಪ್ರಯಾಣ. ಎಲ್ಲ ಮಜಲುಗಳನ್ನೂ ಕೂಡಿಸಿದಾಗ ಯಾರಿಗೆ ಕಡಮೆ ಕಾಲ ಹಿಡಿಯಿತೋ ಅವನೇ ಗೆದ್ದವನು. ಬಯಲಿನಲ್ಲಿ ಸವಾರರು ಒಬ್ಬರ ಮರೆಯಲ್ಲೊಬ್ಬರು ಗಾಳಿಯನ್ನು ತಪ್ಪಿಸಿಕೊಂಡು ಗುಂಪಾಗಿ ಸಾಗುವುದರಿಂದ, ಬಲಶಾಲಿಗೂ ದುರ್ಬಲನಿಗೂ ಅಂತರವು ಅಷ್ಟಾಗಿ ತೋರದು. ದಾರಿಯು ಬೆಟ್ಟಕ್ಕೆ ತಿರುಗಿತೆಂದರೆ ಮರೆಯು ಪ್ರಯೋಜನಕ್ಕೆ ಬಾರದು. ಪ್ರತಿಯೊಬ್ಬನೂ ತನ್ನ ಮೈಭಾರವನ್ನು ತಾನೇ ಎತ್ತಬೇಕು. ಆದಕಾರಣ ಮುಂದಿನ ಓಟದಲ್ಲಿ ಯಾವ ಯಾವ ಬೆಟ್ಟಗಳಿವೆ, ಅವು ಯಾರಿಗೆ ಒಲಿಯುವುವು ಎಂಬುದೇ ಗೋಷ್ಠಿಯ ಮುಖ್ಯವಾದ ಪ್ರಶ್ನೆ.

ಮಾರ್ಗವನ್ನು ಸಾಧಾರಣವಾಗಿ ಹಿಂದಿನ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಪ್ಯಾರಿಸ್ ನಗರದಲ್ಲಿ ಪ್ರಕಟಿಸುವರು. ಅದಕ್ಕೆ ಮುಂಚಿನ ತಿಂಗಳುಗಳೇ ಊಹಾಪೋಹಗಳ ಸುಗ್ಗಿ. ತಪ್ಪಲಿನ ಊರೊಂದರ ಹೋಟೆಲುಗಳಲ್ಲಿ ಬರುವ ಜುಲೈ ತಿಂಗಳ ಒಂದು ರಾತ್ರಿಗೆ ಕೋಣೆಗಳೆಲ್ಲ ಮುಂಗಡವಾಗಿ ತುಂಬಿವೆಯಂತೆ. ಘಾಟಿಯ ರಸ್ತೆಗೆ ಹೊಸದಾಗಿ ಡಾಮರು ಬಿದ್ದಿದೆಯಂತೆ. ಪುರಸಭೆಯವರು ಓಟವನ್ನು ಬರಮಾಡಿಕೊಳ್ಳಲು ಹಣವನ್ನು ಮಂಜೂರು ಮಾಡಿದರಂತೆ. ಇವೆಲ್ಲ ಹೊಗೆಗಳು. ಆದರೆ ಹೊಗೆಯಂತೆ ತೋರುವುದೆಲ್ಲ ಹೊಗೆಯಲ್ಲ. ಮಂಜೂ ಧೂಳೂ ದೂರದಿಂದ ಹಾಗೆಯೇ ಕಾಣುತ್ತವೆ. ಡಾಮರು ಚಳಿಗಾಲದ ಪ್ರವಾಸಿಗರಿಗಾಗಿ ಬಿದ್ದಿರಬಹುದು. ಕೋಣೆಗಳು ಮದುವೆಯ ದಿಬ್ಬಣಕ್ಕೆ ಹೋಗಿರಬಹುದು. ಶಾಸ್ತ್ರದಲ್ಲಿ ಇದನ್ನು ಹೇತ್ವಾಭಾಸವೆನ್ನುವರು. ಇಲ್ಲಿ ಊಹೆ ತಪ್ಪಿದರೂ ಹಾನಿಯೇನೂ ಇಲ್ಲ. ಊಹಿಸಿದವನು ನಕ್ಕು ಸುಮ್ಮನಾಗುವನು.

ಮಾರ್ಗವು ಪ್ರಕಟವಾದ ಮೇಲೆ ಎರಡನೆಯ ಬಗೆಯ ಊಹೆ ಮೊದಲಾಗುತ್ತದೆ. 2026ರ ಓಟವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 2025ನೆಯ ಇಸವಿ ಅಕ್ಟೋಬರ್ 23ರಂದು ಹೊರಬಿದ್ದ ಅದರ ಮಾರ್ಗದಲ್ಲಿ, ಆಲ್ಪ್ಸ್ ಪರ್ವತಗಳ ಆಲ್ಪ್ ದ್ಯುಎಜ್ ಎಂಬ ಒಂದೇ ಗಿರಿನಿವಾಸದಲ್ಲಿ ಕಡೆಯ ವಾರದ ಎರಡು ಮಜಲುಗಳು ಒಂದರ ಮರುದಿನ ಒಂದು ಮುಗಿಯುವಂತೆ ಏರ್ಪಾಟಾಗಿತ್ತು. ಮೊದಲನೆಯ ದಿನದ್ದು ಹೆಸರಾಂತ 21 ತಿರುವುಗಳ ನೇರವಾದ ಏರು. ಎರಡನೆಯ ದಿನದ್ದು ಕ್ರುವಾ ದ ಫೆರ್, ತೆಲೆಗ್ರಾಫ್ ಎಂಬ ಘಾಟಿಗಳನ್ನೂ, 2,642 ಮೀಟರ್ ಎತ್ತರದ ಗಾಲಿಬಿಯೇ ಘಾಟಿಯನ್ನೂ ದಾಟಿ, ಬೆಟ್ಟದ ಹಿಂಬದಿಯ ಸರೆನ್ ಘಾಟಿಯಿಂದ ಅದೇ ಊರಿಗೆ ಬರುವ ದೀರ್ಘವಾದ ದಾರಿ. ಆ ಒಂದು ದಿನದ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 5,600 ಮೀಟರ್. ಕೂಡಲೇ ಪ್ರಶ್ನೆಗಳೆದ್ದವು. ಬಲವಂತನಾದವನು ಮೊದಲನೆಯ ದಿನವೇ ಕೈಮಾಡುವನೋ, ಮರುದಿನಕ್ಕೆ ಶಕ್ತಿಯನ್ನು ಕೂಡಿಟ್ಟುಕೊಳ್ಳುವನೋ? ಎರಡನೆಯ ದಿನದ ಭಯವು ಮೊದಲನೆಯ ದಿನದ ಧೈರ್ಯವನ್ನು ಕುಗ್ಗಿಸಲಾರದೇ?

ಲೆಕ್ಕ ಬಲ್ಲವರು ಲೆಕ್ಕ ಹಾಕಿದರು. ಆ 21 ತಿರುವುಗಳ ದಾರಿಯ ಉದ್ದ 13.8 ಕಿಲೋಮೀಟರ್, ನೂರು ಅಡಿ ಮುಂದುವರಿದರೆ ಸರಾಸರಿ ಎಂಟು ಅಡಿಗೂ ತುಸು ಹೆಚ್ಚಾಗಿ ಮೇಲೇರಬೇಕು. ಒಟ್ಟಿನಲ್ಲಿ ಏರುವುದು ಸುಮಾರು 1,100 ಮೀಟರ್. ಸವಾರನೂ ಬೈಸಿಕಲ್ಲೂ ಸೇರಿ 70 ಕಿಲೋಗ್ರಾಂ ಎಂದಿಟ್ಟುಕೊಂಡು, 40 ನಿಮಿಷಗಳಲ್ಲಿ ಏರಬೇಕಾದರೆ, ಬರಿಯ ಭಾರವನ್ನು ಮೇಲಕ್ಕೆತ್ತುವುದಕ್ಕೇ ಸುಮಾರು 315 ವಾಟ್ ಶಕ್ತಿಯನ್ನು ಎಡೆಬಿಡದೆ ಒದಗಿಸಬೇಕು. ಗಾಳಿಯ ತಡೆ, ಚಕ್ರಗಳ ತಡೆ ಬೇರೆ. ಇದು ಗಣಿತ, ಇದರಲ್ಲಿ ಸಂಶಯವಿಲ್ಲ. ಆದರೆ ಹದಿನೆಂಟು ದಿನಗಳ ಬಳಲಿಕೆಯಾದ ಮೇಲೆ ಆ ಶಕ್ತಿಯು ಯಾರ ಕಾಲುಗಳಲ್ಲಿ ಉಳಿದಿರುವುದೆಂಬುದನ್ನು ಯಾವ ಗಣಿತವೂ ಹೇಳಲಾರದು.

ಪೂರ್ವಾನುಭವ ಬಲ್ಲವರು ಉಪಮಾನವನ್ನು ಹಿಡಿದರು. 1979ರಲ್ಲಿಯೂ ಓಟವು ಎರಡು ದಿನ ಒಂದೇ ಸಮನೆ ಈ ಬೆಟ್ಟದ ಮೇಲೆಯೇ ಮುಗಿದಿತ್ತು. ಮೊದಲನೆಯ ದಿನ ಪೋರ್ಚುಗಲ್ಲಿನ ಅಗೊಸ್ಟಿನ್ಯೂ, ಎರಡನೆಯ ದಿನ ಹಾಲೆಂಡಿನ ಜೋಟೆಮೆಲ್ಕನೂ ಗೆದ್ದರು. ಒಟ್ಟು ಓಟವನ್ನು ಗೆದ್ದವನು ಮಾತ್ರ ಇವರಿಬ್ಬರೂ ಅಲ್ಲದ, ಫ್ರಾನ್ಸಿನ ಬೆರ್ನಾರ್ ಇನೋ. 2013ರಲ್ಲಿ ಒಂದೇ ದಿನ ಇದೇ ಬೆಟ್ಟವನ್ನು ಎರಡು ಸಲ ಹತ್ತಿಸಿ, ನಡುವೆ ಸರೆನ್ ಘಾಟಿಯಲ್ಲಿ ಕೆಳಗಿಳಿಸಿದ್ದರು. ಆಗ ಇಳಿದ ದಾರಿಯು 2026ರ ಮಾರ್ಗದಲ್ಲಿ ಏರುವ ದಾರಿಯಾಯಿತು. ಗೋವಿನಂತಿರುವ ಕಾಡುಮೃಗವೇ ಗವಯವೆಂದು ಕೇಳಿದ ಮಾತ್ರಕ್ಕೆ ಗವಯದ ಹಾಲು ಎಷ್ಟೆಂದು ತಿಳಿದೀತೇ? ಹೋಲಿಕೆಯು ಗುರುತಿಗೆ ಸಾಕು, ಫಲನಿರ್ಣಯಕ್ಕೆ ಸಾಲದು.

ಇನ್ನೊಂದು ತೊಡಕೂ ಉಂಟು. ತರ್ಕದ ಬೆಟ್ಟಕ್ಕೆ ಕಪಟ ತಿಳಿಯದು. ಓಟದ ಸವಾರನಿಗೆ ತಿಳಿಯುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲವಷ್ಟೆ. ಅದರಂತೆ ಬಳಲಿದವನು ಬಳಲಿಕೆಯನ್ನು ಮುಖದಲ್ಲಿ ತೋರಗೊಡದೆ ಗುಂಪಿನಲ್ಲಿ ಸಾಗುವನು. ಇದಕ್ಕೆ ವಿಪರೀತವೂ ಆಗಿದೆ. 2001ರಲ್ಲಿ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನು ಇದೇ ಬೆಟ್ಟಕ್ಕೆ ಬರುವ ದಾರಿಯಲ್ಲಿ ಬಳಲಿದಂತೆ ನಟಿಸಿದನು. ಎದುರಾಳಿ ಉಲ್ರಿಖನ ಕಡೆಯವರು ಅದನ್ನು ನಂಬಿ ವೇಗವನ್ನು ಹೆಚ್ಚಿಸಿ ತಾವೇ ದಣಿದರು. ತಪ್ಪಲಿಗೆ ಬಂದೊಡನೆ ಅವನು ಎದುರಾಳಿಯ ಕಡೆಗೊಮ್ಮೆ ತಿರುಗಿ ನೋಡಿ ಎಲ್ಲರನ್ನೂ ಹಿಂದಿಕ್ಕಿ ಹೋದನು. ಲೋಕವು ಆ ಚಾತುರ್ಯವನ್ನು ಕೊಂಡಾಡಿತು. 2012ರಲ್ಲಿ, ನಿಷಿದ್ಧವಾದ ಔಷಧಗಳ ಬಳಕೆಯು ಸಿದ್ಧವಾದುದರಿಂದ, ಅವನ ಏಳು ಪ್ರಶಸ್ತಿಗಳನ್ನೂ ಕಿತ್ತುಕೊಂಡರು. ದಣಿವೂ ಸುಳ್ಳು, ಬಲವೂ ಸುಳ್ಳು; ನಡುವೆ ಬೆಟ್ಟವೊಂದೇ ನಿಜ.

ಇಷ್ಟರವರೆಗೆ ಊಹೆಯು ವಿನೋದ. ಆದರೆ ಊಹಿಸುವವನ ಕೈಯಲ್ಲಿ ಮಾರ್ಗವನ್ನು ನಿಶ್ಚಯಿಸುವ ಅಧಿಕಾರವೂ ಇದ್ದರೆ ಅದು ವಿನೋದವಾಗಿ ಉಳಿಯದು. 1910ರಲ್ಲಿ ಪಿರೆನೀಸ್ ಪರ್ವತಗಳ ಎತ್ತರವಾದ ಘಾಟಿಗಳಿಗೆ ಓಟವನ್ನು ಮೊದಲ ಬಾರಿಗೆ ಕೊಂಡೊಯ್ಯಬೇಕೆಂದು ದೆಗ್ರಾಂಜನ ಸಹೋದ್ಯೋಗಿ ಅಲ್ಫೋನ್ಸ್ ಸ್ಟೆನೆಸ್ ಎಂಬಾತನು ಹಟಹಿಡಿದನು. 2,115 ಮೀಟರ್ ಎತ್ತರದ ತೂರ್ಮಲೆ ಘಾಟಿಯನ್ನು ನೋಡಿಬರಲು ಮೋಟಾರಿನಲ್ಲಿ ಹೊರಟನು. ಮುಂದಿನ ಕಥೆಯನ್ನು ಓಟದ ಪರಂಪರೆಯಲ್ಲಿ ಹೀಗೆ ಹೇಳುವರು: ಹಿಮವು ದಾರಿಯನ್ನು ಮುಚ್ಚಿತ್ತು, ಮೋಟಾರು ನಿಂತಿತು, ಅವನು ಕತ್ತಲೆಯಲ್ಲಿ ನಡೆದು, ಜಾರಿಬಿದ್ದು, ನಡುರಾತ್ರಿ ಕಳೆದ ಮೇಲೆ ಆಚೆಯ ಬರೇಜ್ ಎಂಬ ಊರನ್ನು ಸೇರಿದನು. ಬೆಳಿಗ್ಗೆ ಸಂಪಾದಕನಿಗೆ ತಂತಿ ಕೊಟ್ಟನು—ತೂರ್ಮಲೆಯನ್ನು ದಾಟಿಯಾಯಿತು, ದಾರಿ ಬಹಳ ಚೆನ್ನಾಗಿದೆ, ಯಾವ ಅಡ್ಡಿಯೂ ಇಲ್ಲವೆಂದು.

ಆಪ್ತನ ಮಾತು ಪ್ರಮಾಣವೆಂದು ಶಾಸ್ತ್ರವು ಹೇಳುತ್ತದೆ. ಕಂಡುದನ್ನು ಕಂಡಂತೆ ಹೇಳುವವನೇ ಆಪ್ತನೆಂದೂ ಸೇರಿಸುತ್ತದೆ. ಸ್ಟೆನೆಸನು ಕಂಡದ್ದು ಹಿಮ, ಹೇಳಿದ್ದು ಹೆದ್ದಾರಿ. ಆ ತಂತಿಯನ್ನು ನಂಬಿದುದರ ಫಲವನ್ನು ಸವಾರರು ಅನುಭವಿಸಿದರು. ಜುಲೈ 21ರಂದು ಲುಶೋಂ ಊರಿನಿಂದ ಬಯೋನಿನವರೆಗೆ 326 ಕಿಲೋಮೀಟರ್, ನಡುವೆ ಪೇರಸೂರ್ದ್, ಆಸ್ಪಾಂ, ತೂರ್ಮಲೆ, ಒಬಿಸ್ಕ್ ಎಂಬ ನಾಲ್ಕು ದೊಡ್ಡ ಘಾಟಿಗಳು, ಕಲ್ಲುಮಣ್ಣಿನ ದಾರಿ, ಭಾರವಾದ ಬೈಸಿಕಲ್ಲುಗಳು. ಅನೇಕರು ಇಳಿದು ತಳ್ಳಿಕೊಂಡು ನಡೆದರು. ಒಕ್ತಾವ್ ಲಪೀಜ್ ಎಂಬ ತರುಣನು ದಾರಿಯಲ್ಲಿ ನಿಂತಿದ್ದ ಅಧಿಕಾರಿಗಳನ್ನು ಕೊಲೆಗಾರರೆಂದು ಬೈದು ಮುಂದೆ ಹೋದನೆಂದು ಪ್ರಸಿದ್ಧಿ. ಹದಿನಾಲ್ಕು ಗಂಟೆಗೂ ಮೀರಿ ತುಳಿದು ಆ ಮಜಲನ್ನೂ, ಕಡೆಗೆ ಆ ವರ್ಷದ ಓಟವನ್ನೂ ಗೆದ್ದವನು ಅವನೇ. ಗೆದ್ದವನ ಬಾಯಿಂದಲೇ ಆ ಬೈಗುಳು ಬಂದುದರಿಂದ ಅದನ್ನು ಸೋತವನ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ಕೊಲೆಯೆಂಬ ಆ ಮಾತು ಐವತ್ತೇಳು ವರ್ಷಗಳ ಮೇಲೆ ಬಹುಮಟ್ಟಿಗೆ ನಿಜವಾಯಿತು. ಪ್ರೋವಾಂಸ್ ಸೀಮೆಯಲ್ಲಿ ವಾಂತೂ ಎಂಬ ಒಂಟಿಬೆಟ್ಟವಿದೆ. ಅದರ ಮೇಲ್ಭಾಗದಲ್ಲಿ ಮರವಿಲ್ಲ, ನೆರಳಿಲ್ಲ. ಬಿಳಿಯ ಕಲ್ಲುಗಳ ರಾಶಿ. 1967ನೆಯ ಜುಲೈ 13ರ ಬೇಗೆಯಲ್ಲಿ ಇಂಗ್ಲೆಂಡಿನ ಟಾಮ್ ಸಿಂಪ್ಸನ್ನನು ಆ ಬೆಟ್ಟವನ್ನು ಹತ್ತುತ್ತ, ಶಿಖರವು ಕಣ್ಣಳತೆಯಲ್ಲಿರುವಾಗ ಕೆಳಕ್ಕೆ ಬಿದ್ದನು. ಎತ್ತಿ ಕೂರಿಸಿದರು, ಕೆಲವು ಮಾರು ಹೋಗಿ ಮತ್ತೆ ಬಿದ್ದನು, ಬದುಕಲಿಲ್ಲ. ಆಗ ಅವನಿಗೆ 29 ವರ್ಷ. ಅವನ ದೇಹದಲ್ಲಿ ಉದ್ರೇಕಕಾರಿಯಾದ ಔಷಧವಿದ್ದುದು ಆಮೇಲೆ ತಿಳಿಯಿತು. ದಣಿದೆನೆಂದು ದೇಹವು ಹೇಳುವ ಮಾತನ್ನು ಆ ಔಷಧವು ಅಡಗಿಸಿಬಿಡುತ್ತದೆ. ಬೆಂಕಿಯನ್ನು ಆರಿಸದೆ ಹೊಗೆಯನ್ನು ಮಾತ್ರ ಮುಚ್ಚುವಂತೆ. ಅವನು ಬಿದ್ದ ಎಡೆಯಲ್ಲಿ ಒಂದು ಸ್ಮಾರಕಶಿಲೆಯಿದೆ. ಹಾದುಹೋಗುವ ಸವಾರರು ಅಲ್ಲಿ ಟೋಪಿಯನ್ನೋ ನೀರಿನ ಸೀಸೆಯನ್ನೋ ಇಟ್ಟು ಮುಂದುವರಿಯುವರು.

ಅದೇ ವಾಂತೂ ಬೆಟ್ಟಕ್ಕೆ 2016ನೆಯ ಜುಲೈ 14ರಂದು ಓಟವು ಬರಬೇಕಾಗಿತ್ತು. ತಿಂಗಳುಗಟ್ಟಲೆ ಅದನ್ನು ಕುರಿತು ಊಹೆಗಳಾಗಿದ್ದುವು. ಶಿಖರದಲ್ಲಿ ಗಾಳಿಯು ಪ್ರಚಂಡವಾಗಿ ಬೀಸುತ್ತಿದ್ದುದರಿಂದ, ಹಿಂದಿನ ದಿನವೇ ಓಟದ ನಿರ್ವಾಹಕರು ಗುರಿಯನ್ನು ಆರು ಕಿಲೋಮೀಟರ್ ಕೆಳಕ್ಕೆ ತಂದರು. ಜನರೆಲ್ಲ ಕೆಳಗಡೆಯ ದಾರಿಯಲ್ಲಿ ಒತ್ತಾಗಿ ಸೇರಿದರು. ಆ ನೂಕುನುಗ್ಗಲಿನಲ್ಲಿ ಮುಂದಿದ್ದ ಮೋಟಾರುಸೈಕಲ್ಲು ನಿಂತಿತು. ಅಗ್ರಸ್ಥಾನದಲ್ಲಿದ್ದ ಕ್ರಿಸ್ ಫ್ರೂಮನ ಬೈಸಿಕಲ್ಲು ಮುರಿಯಿತು. ಅವನು ಬೆಟ್ಟದ ದಾರಿಯಲ್ಲಿ ಕಾಲುನಡಿಗೆಯಲ್ಲಿಯೇ ಓಡತೊಡಗಿದನು. ಪ್ರಪಂಚದ ಯಾವ ಪಂಡಿತನೂ ಇದನ್ನು ಊಹಿಸಿರಲಿಲ್ಲ. ತೀರ್ಪುಗಾರರು ಕಾಲದ ಲೆಕ್ಕವನ್ನು ಸರಿಪಡಿಸಿದರು. ಆ ವರ್ಷದ ಓಟವನ್ನು ಗೆದ್ದವನೂ ಅವನೇ.

ಜನರು ಆ ದಿನದ ನಗೆಪಾಟಲನ್ನು ನೆನೆಯುವರೇ ಹೊರತು, ಅದರ ಹಿಂದಿನ ಸಂಜೆಯ ನಿರ್ಧಾರವನ್ನು ನೆನೆಯುವುದು ಅಪರೂಪ. ನೆನೆಯತಕ್ಕದ್ದು ಅದೇ. ವರ್ಷವೆಲ್ಲ ಎಣಿಸಿದ್ದ ಶಿಖರವನ್ನು ಗಾಳಿಯೊಂದನ್ನು ಕಂಡು ಕೈಬಿಟ್ಟರು. ಪ್ರತ್ಯಕ್ಷವು ಎದುರಿಗೆ ಬಂದಾಗ ಅನುಮಾನವು ತಲೆಬಾಗಿತು. 1910ರಲ್ಲಿ ಹಿಮವನ್ನು ಕಂಡವನು ಅಷ್ಟು ಮಾಡಲಿಲ್ಲ. ಒಬ್ಬನು ಕಲ್ಪನೆಯನ್ನು ಉಳಿಸಲು ಕಂಡುದನ್ನು ಮುಚ್ಚಿದನು. ಇತರರು ಸವಾರರನ್ನು ಉಳಿಸಲು ಕಲ್ಪನೆಯನ್ನು ಬಿಟ್ಟರು.

ಆದುದರಿಂದ ಊಹಿಸಲೇಬಾರದೆಂದು ಹೇಳುವುದು ಸರಿಯಲ್ಲ. ಮುಂಬರುವ ಬೆಟ್ಟಗಳನ್ನು ಮನಸ್ಸಿನಲ್ಲಿ ಹತ್ತಿ ಇಳಿಯುವುದು ಮನುಷ್ಯನಿಗೆ ಸಹಜವಾದ ಸುಖ. ಊಹೆಯಿಲ್ಲದಿದ್ದರೆ ತೂರ್ಮಲೆಯೂ ಇಲ್ಲ, ಗಾಲಿಬಿಯೇಯೂ ಇಲ್ಲ; ಓಟವು ಬಯಲಿನಲ್ಲಿಯೇ ಮುಗಿದುಹೋಗುತ್ತಿತ್ತು. ಆದರೆ ಬೆಟ್ಟವನ್ನು ಎಣಿಸುವವನು ಒಬ್ಬ, ಹತ್ತುವವನು ಮತ್ತೊಬ್ಬ. ಎಣಿಕೆ ತಪ್ಪಿದಾಗ ಎಣಿಸಿದವನಿಗೆ ನಷ್ಟವಾಗುವುದು ಒಂದು ಮಾತು. ಹತ್ತಿದವನಿಗೆ ನಷ್ಟವಾಗುವುದು ಉಸಿರು. ಮಾರ್ಗವನ್ನು ಬರೆಯುವವರಿಗೂ, ಬಿಸಿಲು ಮಳೆಗಳಿಲ್ಲದ ಜಗಲಿಯ ಮೇಲೆ ಕುಳಿತು ಇಂಥವನೇ ಮುಂದಾಗುವನೆಂದು ಪಣ ಕಟ್ಟುವವರಿಗೂ ಈ ಭೇದವು ತಿಳಿದಿದ್ದರೆ ಸಾಕು. ಕಡೆಯವನಾಗಿ ಶಿಖರವನ್ನು ಮುಟ್ಟುವ ಹೆಸರಿಲ್ಲದ ಸವಾರನೂ, ಯಾವ ತಾರ್ಕಿಕನೂ ಏರದ ಬೆಟ್ಟವನ್ನು ಏರಿ, ಅಲ್ಲಿರುವ ಬೆಂಕಿಯನ್ನು ಮೈಯಾರೆ ಬಲ್ಲವನು.