ಮುಪ್ಪಿಗೆ ಏನಿಟ್ಕೊಂಡೀರಿ?

ಸಾಲ ಎಷ್ಟಿದೆ ಎಂದು ಕೇಳಿ ನೋಡಿ, ನಮ್ಮ ನೀರಮಾನ್ವಿಯಲ್ಲಿ ಯಾರೂ ಮುಚ್ಚಿಡುವುದಿಲ್ಲ. ಸೊಸೈಟಿಯದು ಇಷ್ಟು, ಗೊಬ್ಬರದ ಅಂಗಡಿಯದು ಇಷ್ಟು, ಸಂಘದ್ದು ಇಷ್ಟು ಎಂದು ಕಟ್ಟೆಯ ಮೇಲೆ ಕೂತು ಜೋರಾಗಿಯೇ ಲೆಕ್ಕ ಒಪ್ಪಿಸುತ್ತಾರೆ. ಅದರಲ್ಲಿ ಸಣ್ಣದೊಂದು ಹೆಮ್ಮೆಯೂ ಇರುತ್ತದೆ. ಸಾಲ ಹುಟ್ಟಬೇಕಾದರೂ ಮನುಷ್ಯನಿಗೊಂದು ಪತ ಇರಬೇಕಲ್ಲ. ಉಳಿತಾಯ ಎಷ್ಟು ಎಂದು ಕೇಳಿದಿರೋ, ಊರಿಗೆ ಊರೇ ಕೈ ಝಾಡಿಸಿಬಿಡುತ್ತದೆ. “ಎಲ್ಲೀ ಉಳಿತಾಯರೀ, ಬಂದಿದ್ದು ಬಾಯಿಗೇ ಸಾಲಂಗಿಲ್ಲ.” ಹೀಗೆನ್ನುವವರಲ್ಲಿ ನಿನ್ನೆಯಷ್ಟೇ ಭತ್ತ ಮಾರಿ ಬಂದವರೂ ಇರುತ್ತಾರೆ. ಇದನ್ನು ಸುಳ್ಳು ಎನ್ನಲಾರೆ. ಇದೆ ಎಂದರೆ ಹೊತ್ತು ಮುಳುಗುವುದರೊಳಗೆ ಒಬ್ಬ ಕೈಗಡ ಕೇಳಿಕೊಂಡು ಬರುತ್ತಾನೆ. ಅದೂ ಇಲ್ಲವೆನ್ನಲು ಬಾಯಿ ಬಾರದಂಥವನೇ ಬರುತ್ತಾನೆ.

ಇಂಥ ಊರಿಗೆ ಟ್ಯಾಬ್ ಹಿಡಿದುಕೊಂಡು ಒಬ್ಬ ಹುಡುಗ ಬಂದ. ಮನೆಗಳ ಉಳಿತಾಯ, ಮುಪ್ಪಿನ ಕಾಲದ ಏರ್ಪಾಟು, ಇವುಗಳ ಸಮೀಕ್ಷೆಯಂತೆ. ಹಾಸನದ ಕಡೆಯವನು. ಅವನ ಮಾತು ನಮ್ಮವರಿಗೆ, ನಮ್ಮವರ ಮಾತು ಅವನಿಗೆ ಅರ್ಧರ್ಧ ತಿಳಿಯುತ್ತಿತ್ತು. ನಾನು ರಿಟೈರಾದ ಮಾಸ್ತರ, ಬಸಿಯಲ್ಲಿ ಚಹಾ ಕುಡಿಯುವುದು ಬಿಟ್ಟರೆ ಬೇರೆ ಕೆಲಸವಿಲ್ಲದವನು. ನನ್ನನ್ನೇ ಜೊತೆಗೆ ಹಚ್ಚಿದರು.

ಈ ಲೆಕ್ಕ ಕೇಳುವುದೇನು ಇವತ್ತಿನದಲ್ಲ. ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1951-52ರಲ್ಲಿ, ರಿಸರ್ವ್ ಬ್ಯಾಂಕು ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಮಾಡಿಸಿತ್ತು. ಆಮೇಲೆ ಹತ್ತು ವರ್ಷಕ್ಕೊಮ್ಮೆಯೋ ಏನೋ ಯಾರಾದರೊಬ್ಬರು ಬಂದು ಕೇಳುವುದು ನಡೆದೇ ಇದೆ. 2019ರ ಸರಕಾರಿ ಸಮೀಕ್ಷೆಯ ಪ್ರಕಾರ ಹಳ್ಳಿ ಮನೆಯ ನೂರು ರೂಪಾಯಿ ಆಸ್ತಿಯಲ್ಲಿ ಸುಮಾರು 91 ರೂಪಾಯಿ ಹೊಲ ಮತ್ತು ಮನೆಯ ರೂಪದಲ್ಲೇ ಇದೆ. ಇದು ಮಾತ್ರ ನಿಜ ಇದ್ದೀತು. ಹೊಲವನ್ನು ಡಬ್ಬಿಯಲ್ಲಿ ಬಚ್ಚಿಡಲು ಬರುವುದಿಲ್ಲ. ಆದರೆ ಹೊಲ ಮುದುಕರನ್ನು ಸಾಕುವುದು ಅದು ಪಾಲಾಗುವ ತನಕ ಮಾತ್ರ ಎಂಬುದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಬಾರ್ಡ್‌ನವರು 2021-22ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಮನೆಯೊಂದರ ವರ್ಷದ ಉಳಿತಾಯ ಸರಾಸರಿ 13,209 ರೂಪಾಯಿ. ಮನೆಯ ಒಬ್ಬರಿಗಾದರೂ ಯಾವುದೋ ಒಂದು ಪಿಂಚಣಿಯ ಆಸರೆ ಇರುವ ಮನೆಗಳು ನೂರಕ್ಕೆ 23.5. ಈ ಎರಡನೆಯ ಅಂಕಿ ಕಾಗದ ನೋಡಿದರೆ ಗೊತ್ತಾಗುವಂಥದು, ನಂಬುತ್ತೇನೆ. ಮೊದಲನೆಯದು ಕಟ್ಟೆಯ ಮೇಲೆ ಕೂತು ಹೇಳಿದ್ದು.

ಹುಡುಗನ ಮೊದಲ ಮನೆಯೇ ನಮ್ಮ ಚಿಗವ್ವನದು. ಅವನು ಕೂತ ಐದು ನಿಮಿಷಕ್ಕೆ ಎದುರು ಮನೆಯವರು, ಪಕ್ಕದ ಮನೆಯವರು, ಸ್ಕೀಮು ಬಂದಿದೆಯೆಂದು ಆಧಾರ್ ಕಾರ್ಡು ಹಿಡಿದುಕೊಂಡು ಬಂದ ನಾಲ್ವರು, ಎಲ್ಲ ಸೇರಿ ಜಾತ್ರೆ. ಮಗ ಅಂಗಳದಲ್ಲಿ ಬೈಕು ಒರೆಸುತ್ತಿದ್ದ.

“ಅಜ್ಜಿ, ಬ್ಯಾಂಕಲ್ಲಿ ದುಡ್ಡು ಇಟ್ಟಿದ್ದೀರಾ?”

“ಇಲ್ಲಪ.”

“ಬಂಗಾರ?”

“ಈ ತಾಳಿ ಒಂದೈತಿ ನೋಡು. ಅದೂ ಸವದೈತಿ.”

“ವಯಸ್ಸಾದ ಕಾಲಕ್ಕೆ ಅಂತ ಏನಾದ್ರೂ ಏರ್ಪಾಡು ಮಾಡ್ಕೊಂಡಿದ್ದೀರಾ?”

ಬೈಕು ಒರೆಸುವ ಕೈ ನಿಂತಿತು. ಚಿಗವ್ವ ಮಗನ ಕಡೆ ನೋಡದೆಯೇ ಅಂದಳು: “ಮಗ ಅದಾನಲ್ಲಪಾ. ಮತ್ಯಾಕ ಬೇಕು ಏರ್ಪಾಡು?”

ಕೈ ಮತ್ತೆ ಒರೆಸತೊಡಗಿತು. ಬೇರೇನು ಹೇಳಲು ಸಾಧ್ಯವಿತ್ತು? ನನ್ನ ಮುಪ್ಪಿಗೆ ನಾನು ಇಟ್ಟುಕೊಂಡಿದ್ದೇನೆ ಎಂದು ಹಡೆದ ತಾಯಿ ನಾಲ್ಕು ಮಂದಿಯೆದುರು ಹೇಳಿದರೆ, ಮಗನನ್ನು ನಂಬಿಲ್ಲವೆಂದು ಡಂಗುರ ಸಾರಿದ ಹಾಗೆ. ಬೈಕಿನ ಕಂತು ಯಾರು ತುಂಬುತ್ತಿದ್ದಾರೆ ಎಂಬ ಪ್ರಶ್ನೆ ಟ್ಯಾಬಿನಲ್ಲಿ ಇರಲಿಲ್ಲ.

ಮುಚ್ಚಿಡುವುದು ನಮಗೆ ಹಿರಿಯರಿಂದ ಬಂದದ್ದು. ನನ್ನ ಅಜ್ಜಿಯ ಕಾಲದಲ್ಲಿ ಉಳಿತಾಯ ನೆಲದ ಕೆಳಗಿತ್ತು. ಮನೆಯ ಮುಂದೆ ಹಗೇವು. ಒಳಗೋಡೆಗೆ ಜೋಳದ ದಂಟು, ಹುಲ್ಲು ಒತ್ತಾಗಿ ಹೊಂದಿಸಿ, ಬಿಳಿಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಎರಡು ಬರಗಾಲ ದಾಟಬಹುದಿತ್ತು. ಅದರ ಮೇಲೆಯೇ ದನ ಓಡಾಡುತ್ತಿದ್ದವು, ಹುಡುಗರು ಗೋಲಿ ಆಡುತ್ತಿದ್ದೆವು. ಹಗೇವು ತೆಗೆಯುವ ದಿನ ಯಾರೂ ಒಮ್ಮೆಲೇ ಇಳಿಯುವಂತಿಲ್ಲ. ಬಂಡೆ ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಒಳಗೆ ಕೆಟ್ಟ ಹವೆ ಇದೆ ಎಂದರ್ಥ, ಮತ್ತೆ ಕಾಯಬೇಕು. ಉರಿಯುತ್ತಿದ್ದರೆ ಒಬ್ಬ ಇಳಿದು ಪುಟ್ಟಿ ತುಂಬಿ ಕೊಡುತ್ತಿದ್ದ. ಅಂಚಿನ ಜೋಳಕ್ಕೆ ಒಂಥರಾ ಮುಗ್ಗಲು ವಾಸನೆ. ಅದರ ರೊಟ್ಟಿ ನಮಗೆ ಸೇರುತ್ತಿರಲಿಲ್ಲ. ಅಜ್ಜಿ ಮಾತ್ರ ಅದನ್ನೇ ಮೆಚ್ಚಿ ಉಣ್ಣುತ್ತಿದ್ದಳು, ಅಥವಾ ಒಳ್ಳೆಯದನ್ನು ನಮಗೆ ಬಿಟ್ಟು ಹಾಗೆ ಹೇಳುತ್ತಿದ್ದಳು. ತುಂಗಭದ್ರಾ ಕಾಲುವೆ ಬಂತು, ಜೋಳ ಹೋಗಿ ಭತ್ತ ಬಂತು. ಭತ್ತ ಗದ್ದೆಯಿಂದ ನೇರವಾಗಿ ಮಿಲ್ಲಿಗೆ ಹೋಗುತ್ತದೆ, ಹಗೇವಿಗೆ ಕೆಲಸವೇ ಉಳಿಯಲಿಲ್ಲ. ನಮ್ಮದರ ಮೇಲೆ ಈಗ ಸಿಸಿ ರಸ್ತೆ ಇದೆ.

ಅಜ್ಜಿಯ ಬಳಿ ರೊಕ್ಕವೂ ಇತ್ತು, ನಿಜಾಮರ ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಬ್ರಿಟಿಷರ ಆರು ಕಲ್ದಾರ್ ರೂಪಾಯಿ. ಚಲಾವಣೆ ನಿಂತಾಗ ಬದಲಾಯಿಸಲು ಅವಳು ತೆಗೆದುಕೊಡಲಿಲ್ಲ. ಕೊಟ್ಟರೆ ಇಷ್ಟು ವರ್ಷ ಇತ್ತೆಂದು ಅಜ್ಜನಿಗೆ ಗೊತ್ತಾಗುತ್ತಿತ್ತು. ಅವಳು ತೀರಿದ ಮೇಲೆ ಕಾಳಿನ ಗುಮ್ಮಿಯ ತಳದಲ್ಲಿ ಗಂಟು ಸಿಕ್ಕಿತು. ಬೆಳ್ಳಿಯದೆಂದು ಅಕ್ಕಸಾಲಿಗ ತೂಕಕ್ಕೆ ಹಾಕಿಕೊಂಡ.

ಅಜ್ಜಿಯ ಮೊಮ್ಮಗನ ಹೆಂಡತಿಗೆ ಆ ಅನುಕೂಲವೂ ಇರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಐದುನೂರು, ಸಾವಿರದ ನೋಟು ನಡೆಯುವುದಿಲ್ಲವೆಂದು ಟಿವಿಯಲ್ಲಿ ಹೇಳಿದಾಗ ನಮ್ಮ ಮನೆಯಾಕೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಮರುದಿನ ಮುಂಜಾನೆ ಚಹಾದ ಜೊತೆ ಒಂದು ಹಾರ್ಲಿಕ್ಸ್ ಡಬ್ಬಿ ತಂದಿಟ್ಟಳು. ಹೆಡ್ಮಾಸ್ತರನಾಗಿ ಶಾಲೆಯ ಲೆಕ್ಕ ಪೈಸೆ ಬಿಡದೆ ನೋಡಿದವನು ನಾನು. ನನ್ನ ಪಗಾರದಿಂದ ಇಷ್ಟು ಸೋರಿದ್ದು ನನಗೇ ಗೊತ್ತಾಗಿರಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದ ಗಂಡಸರ ಮುಖಗಳೆಲ್ಲ ನನ್ನದರಂತೆಯೇ ಇದ್ದವು. ಆ ವಾರ ಸಮೀಕ್ಷೆ ಮಾಡಿದ್ದರೆ ದೇಶದ ಉಳಿತಾಯದ ಲೆಕ್ಕ ಸರಿಯಾಗಿ ಸಿಗುತ್ತಿತ್ತು.

ಉಳಿಸುವುದೇ ತಪ್ಪು ಎಂದು ತೋರಿಸಿಕೊಟ್ಟವರೂ ನಮ್ಮ ಜಿಲ್ಲೆಯವರೇ. ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಮಾರಯ್ಯ ಒಂದು ದಿನ ಅಕ್ಕಿ ಸ್ವಲ್ಪ ಹೆಚ್ಚು ಆಯ್ದು ತಂದಾಗ, ಇದು ನಮಗೆ ಬೇಡವೆಂದು ಲಕ್ಕಮ್ಮ ಮರಳಿ ಕಳಿಸಿದ ಕಥೆ ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಪಿಂಚಣಿ ಗ್ಯಾರಂಟಿ ಇದ್ದವನು ಅದನ್ನು ಹೇಳುವುದು ಸುಲಭ. ನನ್ನದು ಹಳೆಯ ಪಿಂಚಣಿ, ತಿಂಗಳು ತುಂಬಿದೊಡನೆ ಬರುತ್ತದೆ. ನನ್ನ ಮಗನೂ ಮಾಸ್ತರನೇ. ಆದರೆ 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದವನು, ಅವನದು ಎನ್‌ಪಿಎಸ್. ಅದೇ ಬೋರ್ಡು, ಅದೇ ಸೀಮೆಸುಣ್ಣ; ನನ್ನ ಮುಪ್ಪು ಸರಕಾರದ್ದು, ಅವನದು ಷೇರು ಪೇಟೆಯದ್ದು. ಹುಡುಗ ನಮ್ಮ ಮನೆಯ ಪ್ರಶ್ನೆಗಳನ್ನು ಕೇಳುವಾಗ ಮಗ ಎದ್ದು ಮೋಟಾರು ಹಚ್ಚಿ ಬರುತ್ತೇನೆಂದು ಹೋದ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಿಗವ್ವ ಹುಡುಗನನ್ನು ಚಹಾಕ್ಕೆ ಕರೆದಳು. ಮಗ ಮಾನ್ವಿಗೆ ಹೋಗಿದ್ದ, ಓಣಿಯ ಮಂದಿ ಅವರವರ ಮನೆ ಸೇರಿದ್ದರು. ಬಾಗಿಲು ಮುಂದೆ ಮಾಡಿ ಕೇಳಿದಳು:

“ಮುಂಜಾನಿ ಬರಕೊಂಡಿಯಲ್ಲ, ಅದನ್ನ ಈಗ ತಿದ್ದಾಕ ಬರ್ತದೇನು?”

“ಇಲ್ಲ ಅಜ್ಜಿ, ಸಬ್ಮಿಟ್ ಆಗಿಹೋಯ್ತು. ಲಾಕ್ ಆಗಿರುತ್ತೆ.”

“ಖರೇನಾ?”

“ಖರೆ” ಎಂದೆ ನಾನು.

“ಚೊಲೋ ಆತು ಬಿಡು” ಎಂದು ಒಳಗೆ ಹೋಗಿ ಒಂದು ಟ್ರಂಕು ಎಳೆದು ತಂದಳು. ಸಂಧ್ಯಾ ಸುರಕ್ಷಾದ ತಿಂಗಳ 1,200ರಲ್ಲಿ ಕಟ್ಟುತ್ತ ಬಂದ ಪೋಸ್ಟಾಫೀಸಿನ ಆರ್‌ಡಿ ಪಾಸ್‌ಬುಕ್ಕು. ಗೃಹಲಕ್ಷ್ಮಿಯ 2,000 ಸೊಸೆಯ ಕೈಗೆ ಹೋಗದಂತೆ ತಾನೇ ಯಜಮಾನಿಯಾಗಿ ಉಳಿದ ರೇಷನ್ ಕಾರ್ಡು. ಹರಳಿಲ್ಲದ ಬೆಂಡೋಲೆ ಒಂದು ಜೊತೆ. ಅರಿಸಿನ ಹಚ್ಚಿದ ಮುಯ್ಯಿಯ ಪಟ್ಟಿ: ಯಾರ ಮದುವೆಗೆ ಎಷ್ಟು ಹಾಕಿದ್ದಾಳೆ, ಯಾರಿಂದ ತಿರುಗಿ ಬರುವುದಿದೆ. ಎದುರು ಮನೆಯವನಿಗೆ ಕೊಟ್ಟ ಸಾಲದ ಚೀಟಿ. ಮುಂಜಾನೆ ನಮ್ಮ ಪಕ್ಕದಲ್ಲೇ ಕೂತು, ಪಾಪ ಆಕಿ ಹಂತೇಕ ಏನೈತ್ರಿ ಅಂದವನು ಅವನೇ. ಹುಡುಗ ಟ್ಯಾಬ್ ಚೀಲಕ್ಕೆ ಹಾಕಿಬಿಟ್ಟಿದ್ದ. ಮುಟ್ಟಿದರೆ ಅವಳು ಟ್ರಂಕು ಮುಚ್ಚುತ್ತಾಳೆಂದು ಅವನಿಗೂ ಹೊಳೆದಿತ್ತು.

“ನೀ ಎಷ್ಟು ಇಟ್ಕೊಂಡೀಯಪಾ ಮುಪ್ಪಿಗಿ?” ಎಂದಳು.

ಅವನದು ಗುತ್ತಿಗೆ ಕೆಲಸ, ಫಾರ್ಮಿಗಿಷ್ಟು ಅಂತ ಸಂಬಳ, ಪಿಎಫ್ ಇಲ್ಲ. 25 ವರ್ಷದವರು ತಿಂಗಳಿಗೆ 376 ರೂಪಾಯಿ ಕಟ್ಟಿದರೆ 60 ತುಂಬಿದ ಮೇಲೆ ತಿಂಗಳಿಗೆ 5,000 ಬರುತ್ತದೆಂದು ಅಟಲ್ ಪಿಂಚಣಿಯ ಬಗ್ಗೆ ದಿನವಿಡೀ ಮನೆಮನೆಯಲ್ಲಿ ಹೇಳುತ್ತಿದ್ದವನು ತಾನೇ ಸೇರಿರಲಿಲ್ಲ. “ಅರವತ್ತು ಇನ್ನೂ ದೂರ ಇದೆಯಲ್ಲ ಅಜ್ಜಿ” ಎಂದ.

ಚಿಗವ್ವ ಎಲ್ಲವನ್ನೂ ಒಂದೊಂದಾಗಿ ಒಳಗಿಟ್ಟು ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಬರೋ ಸೋಮವಾರ ನಮ್ಮ ಹೆಣ್ಮಕ್ಕಳ ಚೀಟಿ ಶುರು ಆಗ್ತದ. ಒಂದು ಹೆಸರು ಕಡಿಮಿ ಐತಿ. ನಿಮ್ಮವ್ವನ ಹೆಸರಿಲೆ ಹಾಕು. ರೊಕ್ಕ ಫೋನಿಗಿ ಹೊಡಿ, ಮಾಸ್ತರ ನಂಬರ್ ಕೊಡ್ತಾನ.”

ಹುಡುಗ ನನ್ನ ಮುಖ ನೋಡಿದ. ನಾನು ನಂಬರ್ ಹೇಳಿದೆ.